ರೋಗಕ್ಕೆ ಒಂದು ಸಂಕೇತ, ಕಾರಣಕ್ಕೆ ಮತ್ತೊಂದು: ಜೈವಿಕ ಅಸ್ತ್ರಕ್ಕೆ ಸಿಕ್ಕ ನಾಗರಿಕರ ಚಿಕಿತ್ಸೆ ಮತ್ತು ದಾಖಲೆ

ಮಾನ್ಯರೇ,

1979ರ ಏಪ್ರಿಲ್‌ನಲ್ಲಿ ಸೋವಿಯತ್ ಒಕ್ಕೂಟದ ಸ್ವೆರ್ಡ್‌ಲೋವ್‌ಸ್ಕ್ ನಗರದಲ್ಲಿ ಆಂಥ್ರಾಕ್ಸ್ ಎಂಬ ಬ್ಯಾಕ್ಟೀರಿಯಾ ರೋಗ ಕಾಣಿಸಿಕೊಂಡು ಕನಿಷ್ಠ 66 ಮಂದಿ ಸತ್ತರು. ಕೆಟ್ಟ ಮಾಂಸ ತಿಂದದ್ದೇ ಕಾರಣ ಎಂದು ಸರ್ಕಾರ ಹೇಳಿತು. ಮಾಂಸವೇ ಕಾರಣವಾಗಿದ್ದರೆ ರೋಗ ಮೊದಲು ಹಿಡಿಯಬೇಕಾದದ್ದು ಕರುಳನ್ನು. ಆದರೆ ಶವಪರೀಕ್ಷೆ ಮಾಡಿದ ಫೈನಾ ಅಬ್ರಮೋವಾ ಮತ್ತು ಲೆವ್ ಗ್ರಿನ್‌ಬರ್ಗ್ ಅವರಿಗೆ ಕಂಡದ್ದು ಎದೆಗೂಡಿನ ನಡುವಿನ ದುಗ್ಧರಸ ಗ್ರಂಥಿಗಳಲ್ಲಿನ (ಲಿಂಫ್ ನೋಡ್) ರಕ್ತಸ್ರಾವ. ಅಂದರೆ ರೋಗಾಣು ಉಸಿರಿನ ಜೊತೆ ಒಳಹೊಕ್ಕಿತ್ತು. ಆಸ್ಪತ್ರೆಯ ಕಡತಗಳನ್ನು ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿ ಎತ್ತಿಕೊಂಡು ಹೋಯಿತು. ಈ ಇಬ್ಬರು ಅಂಗಾಂಶದ ಮಾದರಿಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದರಿಂದಲೇ 1993ರಲ್ಲಿ 42 ಪ್ರಕರಣಗಳ ವಿವರ ಪ್ರಕಟವಾಯಿತು. ಅದು ಆ ನಗರದ ಸೇನಾ ಘಟಕದಿಂದ ಸೋರಿದ್ದೇ ಹೊರತು ಯಾರ ಮೇಲೂ ಗುರಿಯಿಟ್ಟ ಅಸ್ತ್ರವಲ್ಲ, ನಿಜ. ಆದರೂ ನಾನು ಇಂದು ಹೇಳಬೇಕಾದದ್ದು ಅಲ್ಲಿಂದಲೇ ಶುರುವಾಗುತ್ತದೆ: ದೇಹದೊಳಗಿನ ರೋಗವನ್ನು ವೈದ್ಯರು ಪರೀಕ್ಷಿಸಿ ಹೇಳಬಲ್ಲರು, ಅದು ಬಂದ ಬಗೆ ಮಾತ್ರ ಎಷ್ಟೋ ವೇಳೆ ತಡವಾಗಿ ತಿಳಿಯುತ್ತದೆ.

ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣ, ಐಸಿಡಿ-10, ಇವೆರಡನ್ನೂ ಬೇರೆ ಬೇರೆಯಾಗಿಯೇ ಇಟ್ಟಿದೆ. ಶ್ವಾಸಕೋಶದ ಆಂಥ್ರಾಕ್ಸ್‌ಗೆ ಎ22.1 ಎಂಬ ಸಂಕೇತ, ಶ್ವಾಸಕೋಶಕ್ಕೆ ತಗುಲುವ ನ್ಯುಮೋನಿಕ್ ಪ್ಲೇಗ್‌ಗೆ ಎ20.2, ರೋಗಾಣುವಿನ ವಿಷದಿಂದ ಸ್ನಾಯುಗಳು ಸೋಲುವ ಬಾಟುಲಿಸಂಗೆ ಎ05.1. ಯುದ್ಧದಲ್ಲಿ ಬಳಸಿದ ಜೈವಿಕ ಅಸ್ತ್ರವೇ ಕಾರಣವಾದಾಗ ಇವುಗಳ ಜೊತೆಗೆ ವೈ36.6 ಎಂಬ ಬಾಹ್ಯ ಕಾರಣದ ಸಂಕೇತ ಸೇರುತ್ತದೆ. ಇದು ಬರೀ ಕಲ್ಪನೆಗೆ ಮಾಡಿಟ್ಟ ಜಾಗವಲ್ಲ. 1940ರ ಅಕ್ಟೋಬರ್‌ನಲ್ಲಿ ಜಪಾನಿ ಸೇನೆ ಚೀನಾದ ನಿಂಗ್‌ಬೋ ಮೇಲೆ ಪ್ಲೇಗ್ ಹೊತ್ತ ಚಿಗಟಗಳನ್ನು ವಿಮಾನದಿಂದ ಸುರಿದಾಗ ಸತ್ತವರು ಊರಿನ ಜನ. ಅಮೆರಿಕದಲ್ಲಿ ಬಳಕೆಯಲ್ಲಿರುವ ರೂಪದಲ್ಲಿ ಸೈನಿಕರಿಗೆ ವೈ36.6ಎಕ್ಸ್0, ನಾಗರಿಕರಿಗೆ ವೈ36.6ಎಕ್ಸ್1 ಎಂಬ ಭೇದವಿದೆ. ಅದರ ತುದಿಗೆ ಸಕ್ರಿಯ ಚಿಕಿತ್ಸೆ ನಡೆಯುತ್ತಿರುವಾಗ ಎ, ಚೇತರಿಕೆಯ ಭೇಟಿಗೆ ಡಿ, ಉಳಿದುಹೋದ ತೊಂದರೆಗೆ ಎಸ್ ಎಂಬ ಅಕ್ಷರ ಸೇರುತ್ತದೆ. ಬಾಹ್ಯ ಕಾರಣದ ಸಂಕೇತವನ್ನು ಮುಖ್ಯ ರೋಗನಿದಾನವಾಗಿ ಬರೆಯುವಂತಿಲ್ಲ. ಆ ಸ್ಥಾನ ರೋಗದ್ದು. ಭಯೋತ್ಪಾದನೆಯ ವೈ38ನ್ನು ಹಾಕಲು ಅದು ಭಯೋತ್ಪಾದನೆಯೆಂದು ಅಲ್ಲಿನ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಗುರುತಿಸಿರಬೇಕು, ಬರೀ ಅನುಮಾನ ಸಾಲದು. ಈ ನಿಯಮ ನನಗೆ ಸರಿಯೆನಿಸುತ್ತದೆ, ಏಕೆಂದರೆ ಕೋಡಿಂಗ್ ಮಾಡುವವರು, ಅಂದರೆ ಕಡತಕ್ಕೆ ಈ ಸಂಕೇತಗಳನ್ನು ಬರೆಯುವವರು, ತನಿಖಾಧಿಕಾರಿಗಳಲ್ಲ.

1984ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದ ದ ಡಾಲ್ಸ್ ಪಟ್ಟಣದಲ್ಲಿ 751 ಜನರಿಗೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ರೋಗಾಣುವಿನ ಸೋಂಕು ತಗುಲಿತು. ಹೋಟೆಲುಗಳಲ್ಲಿ ಆಹಾರ ಮುಟ್ಟುವವರ ಶುಚಿತ್ವ ಸಾಲದೆಂದು ಮೊದಲು ಭಾವಿಸಲಾಯಿತು. ರಜನೀಶ್ ಅನುಯಾಯಿಗಳು ಸಲಾಡ್ ಮೇಜುಗಳಿಗೆ ರೋಗಾಣು ಬೆರೆಸಿದ್ದರೆಂಬುದು ಹೊರಬೀಳಲು ಸುಮಾರು ಒಂದು ವರ್ಷ ಬೇಕಾಯಿತು. ಅಷ್ಟು ಹೊತ್ತಿಗೆ ರೋಗಿಗಳು ಗುಣವಾಗಿ ಮನೆ ಸೇರಿದ್ದರು, ಅವರ ಕೇಸ್ ಶೀಟುಗಳು ಕಪಾಟು ಸೇರಿದ್ದವು. ಅಲ್ಲಿ ಬರೆದಿದ್ದ ರೋಗನಿದಾನ ತಪ್ಪಾಗಿರಲಿಲ್ಲ. ಕಾರಣದ ಸಾಲೊಂದು ಆಮೇಲೆ ಸೇರಬೇಕಿತ್ತು, ಅಷ್ಟೇ.

ಚಿಕಿತ್ಸೆಯಾದರೋ ಆ ಸಾಲಿಗಾಗಿ ಕಾಯುವುದಿಲ್ಲ. ನ್ಯುಮೋನಿಕ್ ಪ್ಲೇಗ್‌ಗೆ ಲಕ್ಷಣ ಕಂಡ 24 ಗಂಟೆಯೊಳಗೆ ಔಷಧಿ ಬೀಳಬೇಕು, ರೋಗಿಯನ್ನು ಬೇರೆಯಾಗಿ ಇರಿಸಬೇಕು. ಬಾಟುಲಿಸಂನಲ್ಲಿ ಪ್ರತಿವಿಷ ಪಾರ್ಶ್ವವಾಯು ಮುಂದುವರಿಯದಂತೆ ತಡೆಯುತ್ತದೆಯೇ ಹೊರತು ಆಗಲೇ ಬಿದ್ದುಹೋದ ಸ್ನಾಯುವನ್ನು ಎಬ್ಬಿಸುವುದಿಲ್ಲ. ವೆಂಟಿಲೇಟರ್ ವಾರಗಟ್ಟಲೆ ಬೇಕಾಗಬಹುದು. ಆಂಥ್ರಾಕ್ಸ್ ಉಸಿರಿನಿಂದ ಉಸಿರಿಗೆ ಹರಡುವುದಿಲ್ಲ, ಆದರೆ ಮೋಸ ಮಾಡುತ್ತದೆ: ಮೊದಲೆರಡು ದಿನ ಸಾಮಾನ್ಯ ಫ್ಲೂ ಜ್ವರದಂತಿದ್ದು, ಎದೆಯ ಎಕ್ಸ್‌ರೇಯಲ್ಲಿ ಎರಡು ಶ್ವಾಸಕೋಶಗಳ ನಡುವಿನ ಬಿಳಿಯ ಪಟ್ಟಿ ಅಗಲವಾಗಿ ಕಾಣುವ ಹೊತ್ತಿಗೆ ಕೈಯಲ್ಲಿರುವ ಸಮಯ ಕಡಿಮೆ. 2001ರಲ್ಲಿ ಅಮೆರಿಕದಲ್ಲಿ ಅಂಚೆಯ ಮೂಲಕ ಬಂದ ಆಂಥ್ರಾಕ್ಸ್‌ನಿಂದ 22 ಮಂದಿ ಕಾಯಿಲೆ ಬಿದ್ದರು. ಉಸಿರಿನ ಮೂಲಕ ಸೋಂಕು ತಗುಲಿದ 11 ಮಂದಿಯಲ್ಲಿ 5 ಮಂದಿ ಸತ್ತರು; ಚರ್ಮಕ್ಕೆ ತಗುಲಿದ ಉಳಿದ 11 ಮಂದಿಯೂ ಬದುಕಿದರು.

ಈ 22ರ ಆಚೆ ಸುಮಾರು 10,000 ಜನರಿದ್ದರು. ಅವರಿಗೆ ಕಾಯಿಲೆಯಿರಲಿಲ್ಲ, ರೋಗಾಣು ಸೋಕಿರಬಹುದೆಂಬ ಶಂಕೆ ಮಾತ್ರ. ಆಂಥ್ರಾಕ್ಸ್ ರೋಗಾಣುವಿನ ಸುಪ್ತ ರೂಪವಾದ ಸ್ಪೋರುಗಳು ಶ್ವಾಸಕೋಶದಲ್ಲಿ ವಾರಗಟ್ಟಲೆ ಸುಮ್ಮನಿರಬಲ್ಲವು, ಸ್ವೆರ್ಡ್‌ಲೋವ್‌ಸ್ಕ್‌ನಲ್ಲಿ ಆರು ವಾರಗಳ ನಂತರವೂ ಕಾಯಿಲೆ ಬಿದ್ದವರಿದ್ದರು, ಆದ್ದರಿಂದ ಅವರಿಗೆ 60 ದಿನ ಸಿಪ್ರೊಫ್ಲಾಕ್ಸಾಸಿನ್ ಅಥವಾ ಡಾಕ್ಸಿಸೈಕ್ಲಿನ್ ಎಂಬ ಪ್ರತಿಜೀವಕ ಮಾತ್ರೆ ನುಂಗಲು ಹೇಳಲಾಯಿತು. ಪೂರ್ತಿ ನುಂಗಿದವರು ಅರ್ಧಕ್ಕಿಂತ ಕಡಿಮೆ. ಕೋಡಿಂಗ್ ಎಂದರೆ ಬಿಲ್ಲಿನ ಕೆಲಸವೆಂದು ಮೂಗು ಮುರಿಯುವ ವೈದ್ಯ ಮಿತ್ರರು ಇಲ್ಲಿ ಸ್ವಲ್ಪ ನಿಲ್ಲಬೇಕು. ಇಂಥವರಿಗೆ ಎ22.1 ಬರೆದರೆ ಆರೋಗ್ಯವಂತರು ರೋಗಿಗಳ ಲೆಕ್ಕಕ್ಕೆ ಸೇರುತ್ತಾರೆ. ಏನೂ ಬರೆಯದಿದ್ದರೆ ಮೂವತ್ತನೆಯ ದಿನ ಮಾತ್ರೆ ಬಿಟ್ಟವರು ಯಾರೆಂದು ಹುಡುಕಲು ಪಟ್ಟಿಯೇ ಇರುವುದಿಲ್ಲ. ಅಮೆರಿಕದ ರೂಪದಲ್ಲಿ ಆಂಥ್ರಾಕ್ಸ್ ಸಂಪರ್ಕಕ್ಕೆ ಝಡ್20.810, ಶಂಕೆ ಸುಳ್ಳೆಂದು ತಿಳಿದಾಗ ಝಡ್03.810 ಇರುವುದು ಇದಕ್ಕಾಗಿಯೇ.

ಇನ್ನು ದಾಖಲಿಸಿಕೊಳ್ಳುವಾಗ ಕೇಳಬೇಕಾದ ಒಂದು ಪ್ರಶ್ನೆ. 1992ರಲ್ಲಿ ಸ್ವೆರ್ಡ್‌ಲೋವ್‌ಸ್ಕ್‌ಗೆ ಹೋದ ಅಮೆರಿಕದ ಜೀವವಿಜ್ಞಾನಿ ಮ್ಯಾಥ್ಯೂ ಮೆಸೆಲ್‌ಸನ್ ಅವರ ತಂಡ ಗೋರಿಗಳ ಮೇಲಿನ ಹೆಸರು, ತಾರೀಖು ನೋಡಿ, ಮನೆಯವರನ್ನು ವಿಚಾರಿಸಿ, 1979ರ ಏಪ್ರಿಲ್ 2ರ ಸೋಮವಾರ ಹಗಲು ಯಾರು ಎಲ್ಲಿದ್ದರೆಂದು ನಕ್ಷೆಯಲ್ಲಿ ಗುರುತು ಹಾಕಿತು. ಬಹುತೇಕ ಚುಕ್ಕೆಗಳು ಸೇನಾ ಘಟಕದಿಂದ ದಕ್ಷಿಣಕ್ಕೆ ಚಾಚಿದ, ಅಂದಿನ ಗಾಳಿಯ ದಿಕ್ಕಿಗೇ ಹೊಂದುವ ಸಪೂರ ಪಟ್ಟಿಯೊಂದರಲ್ಲಿ ಬಿದ್ದವು. ಹದಿಮೂರು ವರ್ಷಗಳ ನಂತರ ಮನೆಮನೆಗೆ ಹೋಗಿ ಕಲೆಹಾಕಿದ ಈ ಮಾಹಿತಿ, ರೋಗಿಗೆ ಮಾತಾಡಲು ಉಸಿರಿದ್ದಾಗ ಎರಡು ಸಾಲಿನಲ್ಲಿ ಬರೆದುಕೊಳ್ಳಬಹುದಾದದ್ದು: ಕಾಯಿಲೆ ಬೀಳುವ ಮುಂಚಿನ ವಾರಗಳಲ್ಲಿ ಎಲ್ಲಿದ್ದರು, ಯಾವ ಹೊತ್ತಿನಲ್ಲಿ, ಒಳಗೋ ಹೊರಗೋ, ಜೊತೆಗೆ ಯಾರಿದ್ದರು.