ಬರ್ಚ್ ಮರದ ಜೀನು, ನಮ್ಮ ಬದುವಿನ ಬಾರೆಗಿಡ

ನಮಸ್ಕಾರ. ವಿಜಯಪುರದಿಂದ ಮಾತಾಡುತ್ತಿದ್ದೇನೆ. ಇವತ್ತು ನಮ್ಮ ಕಡೆ ಎಲ್ಲೂ ಬೆಳೆಯದ ಒಂದು ಮರದ ವಿಷಯ ಹೇಳಬೇಕು. ಅದಕ್ಕೂ ನಮ್ಮ ಹೊಲದ ಬದುವಿನ ಗಿಡವೊಂದಕ್ಕೂ ನಂಟಿದೆ. ಆ ಗಿಡವನ್ನು ನಾವು ಜೆಸಿಬಿ ಹಚ್ಚಿ ಕೀಳುತ್ತಿದ್ದೇವೆ.

ಮರದ ಹೆಸರು ಬರ್ಚ್. ಫಿನ್ಲೆಂಡ್, ರಷ್ಯಾ ಕಡೆಯ ಕಾಡುಗಳಲ್ಲಿ ಬಹಳ. ಹಿಮಾಲಯದಲ್ಲಿರುವ ಭೂರ್ಜ ಇದೇ ಕುಲದ್ದು. ಅದರ ತೊಗಟೆಯ ಮೇಲೆ ನಮ್ಮ ಹಿಂದಿನವರು ಗ್ರಂಥ ಬರೆದರು. ಗ್ರಂಥಿಗೆ ಅಂಗಡಿಯಲ್ಲಿ ಭೂರ್ಜಪತ್ರ ಅಂತ ಕೇಳುತ್ತೀರಲ್ಲ, ಅದೇ. ಬೆಳ್ಳಿ ಬರ್ಚ್‌ನ ತೊಗಟೆ ಸುಣ್ಣ ಬಳಿದ ಹಾಗೆ ಬೆಳ್ಳಗಿರುತ್ತದೆ. ಆ ಬಿಳುಪು ಕೊಡುವ ವಸ್ತು ಬೆಟುಲಿನ್. ಹೊರ ತೊಗಟೆಯನ್ನು ಒಣಗಿಸಿ ತೂಗಿದರೆ ಐದರಲ್ಲಿ ಒಂದು ಪಾಲು, ಕೆಲವೊಮ್ಮೆ ಅದಕ್ಕೂ ಜಾಸ್ತಿ, ಬರೀ ಬೆಟುಲಿನ್ನೇ ಇರುತ್ತದೆ.

ಈ ತೊಗಟೆಯ ಸಾರದಿಂದ ಮಾಡಿದ ಫಿಲ್ಸುವೆಜ್ ಎಂಬ ಜೆಲ್ ಇದೆ. ಯುರೋಪಿನಲ್ಲಿ 2022 ರಲ್ಲಿ, ಅಮೆರಿಕದಲ್ಲಿ 2023 ರ ಡಿಸೆಂಬರ್‌ನಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಕೆಲವು ಮಕ್ಕಳು ಹುಟ್ಟುತ್ತಲೇ ಎಂಥ ಚರ್ಮ ಪಡೆದಿರುತ್ತಾರೆ ಅಂದರೆ, ಸುಮ್ನೆ ಬಟ್ಟೆ ಉಜ್ಜಿದರೂ ಬೊಬ್ಬೆ ಬಂದು ಸುಲಿದು ಹೋಗುತ್ತದೆ. ಎಪಿಡರ್ಮೊಲೈಸಿಸ್ ಬುಲ್ಲೋಸಾ ಅಂತಾರೆ. ಚರ್ಮದ ಪದರಗಳನ್ನು ಹಿಡಿದಿಡುವ ಪ್ರೋಟೀನಿನ ಜೀನು, ಅಂದರೆ ಅದನ್ನು ತಯಾರಿಸಲು ಜೀವಕೋಶದಲ್ಲಿರುವ ಸೂಚನೆ, ಕೆಟ್ಟಿರುತ್ತದೆ. ಆ ಗಾಯ ಮಾಯಲು ಈ ಜೆಲ್ ನೆರವಾಗುತ್ತದೆ. ರೋಗದ ಬೇರನ್ನು ಕೀಳುವುದಿಲ್ಲ, ನಿಜ. ಆದರೆ ಆ ಮಗುವಿನ ತಾಯಿಗೆ ಒಂದು ಗಾಯ ಬೇಗ ಮುಚ್ಚಿದರೂ ಅದೇ ದೊಡ್ಡದು.

ಮರ ಈ ಬೆಟುಲಿನ್ನನ್ನು ಹೇಗೆ ತಯಾರಿಸುತ್ತದೆ? ಇಲ್ಲಿ ಸ್ವಲ್ಪ ನಿಧಾನವಾಗಿ ಕೇಳಿ. ಪ್ರತಿಯೊಂದು ಗಿಡದಲ್ಲೂ ಆಕ್ಸಿಡೋಸ್ಕ್ವಾಲೀನ್ ಎಂಬ ಉದ್ದನೆಯ ಅಣು ತಯಾರಾಗುತ್ತದೆ. ಆಲಮಟ್ಟಿಯಿಂದ ಬಂದ ಕಾಲುವೆ ಮುಂದೆ ಕವಲೊಡೆಯುತ್ತದಲ್ಲ, ಹಾಗೆ ಈ ಅಣುವಿನ ಮುಂದೆಯೂ ಕವಲುಗಳಿವೆ. ಒಂದೊಂದು ಕವಲಿಗೂ ಒಂದೊಂದು ಗೇಟು, ಅಂದರೆ ಒಂದೊಂದು ಕಿಣ್ವ. ಒಂದು ಗೇಟು ತೆರೆದರೆ ಜೀವಕೋಶದ ಪೊರೆಗೆ ಬೇಕಾದ ಸ್ಟೆರಾಲ್ ಆಗುತ್ತದೆ. ಅದಿಲ್ಲದೆ ಗಿಡ ಬದುಕುವುದಿಲ್ಲ. ಇನ್ನೊಂದು ಗೇಟಿನ ಹೆಸರು ಲುಪಿಯೋಲ್ ಸಿಂಥೇಸ್. ಅದು ತೆರೆದರೆ ಲುಪಿಯೋಲ್ ಆಗುತ್ತದೆ. ಆಮೇಲೆ ಸಿವೈಪಿ716 ಎಂಬ ಕುಟುಂಬದ ಕಿಣ್ವ ಬಂದು, ಲುಪಿಯೋಲಿನ 28ನೇ ಕಾರ್ಬನ್ನಿಗೆ ಆಮ್ಲಜನಕ ಜೋಡಿಸುತ್ತದೆ. ಆಗ ಬೆಟುಲಿನ್. ಅದೇ ಜಾಗದಲ್ಲಿ ಇನ್ನೂ ಮುಂದಕ್ಕೆ ಹೋದರೆ ಬೆಟುಲಿನಿಕ್ ಆಮ್ಲ. ಈ ಕಿಣ್ವಗಳಿಗೆಲ್ಲ ಜೀನುಗಳಿವೆ. ಯಾವ ಜೀನು ಎಷ್ಟು ಜೋರಾಗಿ ಕೆಲಸ ಮಾಡುತ್ತದೆ ಅನ್ನುವುದು ಮರದಿಂದ ಮರಕ್ಕೆ ಬೇರೆ, ಒಂದೇ ಮರದ ಎಲೆಗೂ ತೊಗಟೆಗೂ ಬೇರೆ. ಬೆಳ್ಳಿ ಬರ್ಚ್‌ನ ಇಡೀ ಜೀನೋಮನ್ನು, ಅಂದರೆ ಅದರ ಪೂರ್ತಿ ಡಿಎನ್‌ಎಯನ್ನು, 2017 ರಲ್ಲಿ ಹೆಲ್ಸಿಂಕಿಯವರ ಮುಂದಾಳತ್ವದ ತಂಡ ಓದಿ ಪ್ರಕಟಿಸಿತು. ಇಂಥ ಜೀನುಗಳನ್ನು ಯೀಸ್ಟ್‌ಗೆ ಸೇರಿಸಿ, ಪಾತ್ರೆಯಲ್ಲೇ ಬೆಟುಲಿನಿಕ್ ಆಮ್ಲ ಮಾಡಿಸಿದವರೂ ಇದ್ದಾರೆ.

ಈಗ ನಮ್ಮೂರಿಗೆ ಬರೋಣ. 1995 ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಒಂದು ವರದಿ ಕೊಟ್ಟರು. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನ ಕೋಶಗಳನ್ನು ಬೆಟುಲಿನಿಕ್ ಆಮ್ಲ ಸಾಯಿಸುತ್ತದೆ ಅಂತ. ಇಲಿಗಳಲ್ಲೂ ಗೆಡ್ಡೆಯ ಬೆಳವಣಿಗೆ ತಡೆಯಿತು. ಅದನ್ನು ಅವರು ತೆಗೆದದ್ದು ಬರ್ಚ್‌ನಿಂದ ಅಲ್ಲ. ಬಾರೆಗಿಡದ ತೊಗಟೆಯಿಂದ! ಹೌದು, ಸಂಕ್ರಾಂತಿಗೆ ಮಕ್ಕಳ ತಲೆ ಮೇಲೆ ಎರೆಯುವ ಬಾರೆಹಣ್ಣಿನ ಗಿಡವೇ.

ಇದನ್ನು ಕೇಳಿ ಯಾರೂ ತೊಗಟೆ ಕುದಿಸಿ ಕುಡಿಯಬೇಡಿ. ಕೈಮುಗಿದು ಹೇಳುತ್ತೇನೆ. ಆ ಆಮ್ಲ ನೀರಿನಲ್ಲಿ ಕರಗುವುದೇ ಕಷ್ಟ. ಕ್ಯಾನ್ಸರ್ ಔಷಧಿ ಅಂತ ಅದಕ್ಕೆ ಒಪ್ಪಿಗೆಯೂ ಸಿಕ್ಕಿಲ್ಲ. ತೊಗಟೆ ಪುಡಿಯ ಪೊಟ್ಟಣ ತೋರಿಸಿ ಕ್ಯಾನ್ಸರ್ ಹೋಗುತ್ತದೆ ಅನ್ನುವವರ ಮಾತು ನಂಬಿ ಆಸ್ಪತ್ರೆ ಬಿಟ್ಟರೆ ಜೀವಕ್ಕೇ ಕುತ್ತು. ಇದು ನನ್ನ ಗಟ್ಟಿ ಅಭಿಪ್ರಾಯ.

ತೊಗಟೆ ಸುಲಿದು ಮಾರುವುದರಲ್ಲಿ ನಮಗೇನೂ ಇಲ್ಲ. ನಮ್ಮ ನಿಜವಾದ ಆಸ್ತಿ ಗಿಡಗಳ ನಡುವಿನ ವ್ಯತ್ಯಾಸ. ತೋಟದಲ್ಲಿ ಉಮ್ರಾನ್ ತಳಿಯ ಬಾರೆ ಹಾಕುತ್ತೇವಲ್ಲ, ಕಾಡು ಬಾರೆಯ ಬುಡಕ್ಕೆ ಕಣ್ಣು ಕಸಿ ಮಾಡಿದ್ದು. ಕಸಿಯಿಂದ ಮೇಲೆ ಎಲ್ಲ ಗಿಡವೂ ಒಂದೇ ಜೀನು. ನೂರು ಗಿಡ ಇದ್ದರೂ ಓದುವುದಕ್ಕೆ ಸಿಗುವುದು ಒಂದೇ. ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ, ಹಕ್ಕಿ ಹಾಕಿದ ಬೀಜದಿಂದ ಎದ್ದ ಗಿಡ ಹಾಗಲ್ಲ. ಬಾರೆಯಲ್ಲಿ ಒಂದು ಗಿಡಕ್ಕೆ ಇನ್ನೊಂದರ ಪರಾಗ ಬೇಕಾಗುವುದೇ ಹೆಚ್ಚು. ಹಾಗಾಗಿ ಬೀಜದ ಗಿಡ ಒಂದೊಂದೂ ಒಂದೊಂದು ಥರ. ಒಂದರ ಹಣ್ಣು ಒಗರು, ಒಂದರದ್ದು ಸಿಹಿ. ತೊಗಟೆಯೊಳಗಿನ ಆಮ್ಲವೂ ಒಂದರಲ್ಲಿ ಕಡಿಮೆ, ಇನ್ನೊಂದರಲ್ಲಿ ಜಾಸ್ತಿ ಇರಬಹುದು, ಅಲ್ವಾ? ಅಂಥ ಎರಡು ಗಿಡ ಪಕ್ಕಪಕ್ಕ ಇಟ್ಟು ಹೋಲಿಸಿದರೆ ತಾನೇ ಯಾವ ಜೀನಿನ ಕೆಲಸ ಅಂತ ಗೊತ್ತಾಗುವುದು? ಇದರ ಹತ್ತಿರದ ಬಂಧು ಜುಜುಬೆಯ ಜೀನೋಮನ್ನು ಚೀನಾದವರು 2014 ರಲ್ಲೇ ಪ್ರಕಟಿಸಿದರು. ಅದು ಅವರ ಹೆಮ್ಮೆಯ ಹಣ್ಣು, ಅದಕ್ಕೇ ಅಷ್ಟು ಕಾಳಜಿ. ನಮಗೆ ಮಾತ್ರ ಬಾರೆ ಅಂದರೆ ಮುಳ್ಳು.

ಬಾಗಲಕೋಟೆಯಲ್ಲಿ ತೋಟಗಾರಿಕಾ ವಿಶ್ವವಿದ್ಯಾಲಯ ಇದೆ. ಬೆಳಗಾವಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಾಂಪ್ರದಾಯಿಕ ವೈದ್ಯ ಪದ್ಧತಿಯ ರಾಷ್ಟ್ರೀಯ ಸಂಸ್ಥೆ ಇದೆ. ಒಬ್ಬರಿಗೆ ಗಿಡ ಗೊತ್ತು, ಇನ್ನೊಬ್ಬರಿಗೆ ಔಷಧಿ ಗೊತ್ತು. ಮೂರು ಜಿಲ್ಲೆಯ ಬೀಜದ ಬಾರೆಗಿಡಗಳನ್ನು ಗುರುತಿಸಿ, ಎಲೆಯಿಂದ ಡಿಎನ್‌ಎ ತೆಗೆದು, ತೊಗಟೆಯ ಚೂರು ಅಳೆದು ಒಂದು ಪಟ್ಟಿ ಮಾಡಲಿ. ಆ ಗಿಡ ಯಾರ ಹೊಲದಲ್ಲಿದೆಯೋ ಆ ರೈತರ ಹೆಸರೂ ಪಟ್ಟಿಯಲ್ಲಿ ಇರಲಿ. ನಾಳೆ ಏನಾದರೂ ಲಾಭ ಬಂದರೆ ಅವರಿಗೂ ಪಾಲು ಸಿಗಬೇಕು. ಜೀವವೈವಿಧ್ಯ ಕಾಯ್ದೆ 2002 ರಲ್ಲೇ ಬಂದಿದೆ, ಲಾಭ ಹಂಚುವ ಮಾತು ಅದರಲ್ಲಿದೆ.

ನಿಮ್ಮ ಬದುವಿನಲ್ಲಿ ಯಾರೂ ನೆಡದೆ ತಾನಾಗಿ ಎದ್ದ ಹಳೇ ಬಾರೆಗಿಡ ಇದ್ದರೆ ಊರಿನ ಹೆಸರು, ಹಣ್ಣಿನ ರುಚಿ, ಗಿಡದ ಅಂದಾಜು ವಯಸ್ಸು ಬರೆದು ಕಳಿಸಿ. ಈ ಬೇಸಿಗೆಯಲ್ಲಿ ಬದು ಸವರುವಾಗ ಅದೊಂದನ್ನು ಬಿಡಿ.