ಝಟ್ಕಾ ಹೊಡೆಯುವ ಹಳೆ ಗಾಡಿ

ಕೇಳುಗರೆಲ್ಲರಿಗೂ ಶರಣು ಶರಣಾರ್ಥಿ.

ಕಲಬುರಗಿಯ ಯಾವ ಗಾರೇಜಿನ ಮುಂದೆ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. "ಅಣ್ಣಾ, ಗಾಡಿ ಮಿಸ್ಸಿಂಗ್ ಹೊಡಿಲಾಕತ್ತದ, ಸ್ವಲ್ಪ ನೋಡ್ರಿ." ಮಿಸ್ಸಿಂಗ್ ಅಂದರೆ ಇಂಜಿನ್ ನಡುನಡುವೆ ತಪ್ಪಿ ಝಟ್ಕಾ ಹೊಡೆಯುವುದು. ಗಾಡಿ ಸೆಕೆಂಡ್ ಹ್ಯಾಂಡ್ ಬೈಕು. ಹಿಂದಿನ ಮಾಲೀಕ ಶೋಕಿಗೆ ಜೋರು ಸದ್ದಿನ ಸೈಲೆನ್ಸರ್ ಹಾಕಿಸಿರುತ್ತಾನೆ. ಗಾಳಿ ಸೋಸುವ ಫಿಲ್ಟರ್ ಡಬ್ಬಿ ಕಿತ್ತು, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್‌ಗೆ ನೇರವಾಗಿ ಡಬ್ಬಿ ಇಲ್ಲದ ಓಪನ್ ಫಿಲ್ಟರ್ ಸಿಕ್ಕಿಸಿರುತ್ತಾನೆ. ಆಳಂದ, ಜೇವರ್ಗಿ ಕಡೆಯಿಂದ ದಿನಾ ಓಡಾಡುವ ಹುಡುಗ ಕಷ್ಟಪಟ್ಟು ದುಡ್ಡು ಕೂಡಿಸಿ ಅದನ್ನು ಕೊಂಡಿರುತ್ತಾನೆ. ಆಮೇಲೆ ಶುರುವಾಗುತ್ತದೆ ಪ್ಲಗ್ ಬದಲು, ಕಾಯಿಲ್ ಬದಲು, ಕಾರ್ಬುರೇಟರ್ ಬದಲು. ದುಡ್ಡು ಹೋಗುತ್ತದೆ, ಝಟ್ಕಾ ಮಾತ್ರ ಹೋಗುವುದಿಲ್ಲ.

ನಾನು ಹೇಳುವುದು ಇಷ್ಟೇ. ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಗಾಡಿಯಲ್ಲಿ ಏನೇನು ಬದಲಾಗಿದೆ ಅಂತ ನೋಡಿ. ತೊಂದರೆ ಬಹಳ ಸಲ ಅಲ್ಲೇ ಇರುತ್ತದೆ.

ಕಾರಣ ಕೇಳಿ. ಶುದ್ಧ ಪೆಟ್ರೋಲಾದರೆ 1 ಗ್ರಾಂ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಕಂಪನಿಯವರು ಫಿಲ್ಟರ್ ಡಬ್ಬಿ, ಜೆಟ್ (ಕಾರ್ಬುರೇಟರಿನೊಳಗೆ ಪೆಟ್ರೋಲ್ ಬಿಡುವ ಸಣ್ಣ ತೂತು), ಸೈಲೆನ್ಸರ್ ಮೂರನ್ನೂ ಈ ಲೆಕ್ಕಕ್ಕೆ ಹೊಂದಿಸಿರುತ್ತಾರೆ. ಓಪನ್ ಫಿಲ್ಟರ್ ಹಾಕಿದರೆ ಗಾಳಿ ಜಾಸ್ತಿ ನುಗ್ಗುತ್ತದೆ, ಪೆಟ್ರೋಲ್ ಮಾತ್ರ ಹಳೆ ಜೆಟ್‌ನಿಂದ ಅಷ್ಟೇ ಬರುತ್ತದೆ. ಇದನ್ನೇ ನಾವು ಲೀನ್ ಅನ್ನುವುದು. ಇದರ ಮೇಲೆ ಈಗ 20 ಪರ್ಸೆಂಟ್ ಎಥನಾಲ್ ಕಲಸಿದ ಪೆಟ್ರೋಲ್ ಬರುತ್ತಿದೆ. ಅದು ಉರಿಯಲು ಅಷ್ಟು ಗಾಳಿ ಬೇಡ. ಹಾಗಾಗಿ ಕಾರ್ಬುರೇಟರ್ ಇರುವ ಹಳೆ ಗಾಡಿ ಏನೂ ಬದಲಾಯಿಸದಿದ್ದರೂ ಸ್ವಲ್ಪ ಲೀನ್ ಆಗಿಯೇ ಓಡುತ್ತದೆ. ಜೋರು ಸೈಲೆನ್ಸರ್, ಓಪನ್ ಫಿಲ್ಟರ್, ಈ ಪೆಟ್ರೋಲ್ ಮೂರೂ ಸೇರಿದರೆ ಎಕ್ಸಲೇಟರ್ ತಿರುಗಿಸಿದಾಗ ಗಾಡಿ ಮುಗ್ಗರಿಸುತ್ತದೆ, ಬಿಟ್ಟಾಗ ಸೈಲೆನ್ಸರ್ ಪಟಪಟ ಸಿಡಿಯುತ್ತದೆ, ಇಂಜಿನ್ ಸುಡುತ್ತದೆ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಇದು ಸಣ್ಣ ವಿಷಯ ಅಲ್ಲ.

ಲೀನ್ ಹೌದೋ ಅಲ್ಲವೋ ತಿಳಿಯಲು ಖರ್ಚಿಲ್ಲದ ಉಪಾಯ ಇದೆ. ಇಂಜಿನ್ ಬಿಸಿಯಾದ ಮೇಲೆ, ಗಾಡಿ ನಿಂತಲ್ಲೇ ಸ್ಟಾರ್ಟ್ ಇರುವಾಗ, ಪೆಟ್ರೋಲಿನ ಪಾಲು ಹೆಚ್ಚಿಸುವ ಚೋಕ್ ಅರ್ಧ ಎಳೆಯಿರಿ. ಇಂಜಿನ್ ಓಟ ಸರಿಯಾದರೆ ಗಾಳಿ ಜಾಸ್ತಿ ಅಥವಾ ಪೆಟ್ರೋಲ್ ಕಮ್ಮಿ ಅಂತ ಅರ್ಥ. ಇನ್ನೂ ಹದಗೆಟ್ಟರೆ ಪೆಟ್ರೋಲ್ ಮೊದಲೇ ಜಾಸ್ತಿ ಇದೆ.

ಆಮೇಲೆ ಪ್ಲಗ್. ನಾಲ್ಕಾರು ಕಿಲೋಮೀಟರ್ ಓಡಿಸಿ, ಇಂಜಿನ್ ಆರಿಸಿ, ಕೈಗೆ ತಾಳುವಷ್ಟು ತಣ್ಣಗಾದ ಮೇಲೆ ಬಿಚ್ಚಿ. ಸುಮ್ನೆ ನಿಲ್ಲಿಸಿ ಉರಿಸಿದ ಗಾಡಿಯ ಪ್ಲಗ್ ನೋಡಿದರೆ ಮೋಸ ಹೋಗುತ್ತೀರಿ, ಅದು ಹೇಗಿದ್ದರೂ ಕಪ್ಪಾಗಿರುತ್ತದೆ. ನಡುವಿನ ಕಡ್ಡಿಯ ಸುತ್ತ ಪಿಂಗಾಣಿ ಇದೆಯಲ್ಲ, ಅದನ್ನು ಬಿಸಿಲಿಗೆ ಹಿಡಿದು ನೋಡಿ. ತಿಳಿ ಕಂದು ಬಣ್ಣ ಇದ್ದರೆ ಒಳ್ಳೆಯದು. ಬಿಳಿಚಿಕೊಂಡಿದ್ದರೆ ಲೀನ್. ಬೆರಳಿಗೆ ಹತ್ತುವ ಒಣ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ. ಹಸಿ ಜಿಡ್ಡು ಕಂಡರೆ ಇಂಜಿನ್ ಆಯಿಲ್ ಮೇಲೆ ಬರುತ್ತಿದೆ. ಅದು ರಿಂಗ್ ಅಥವಾ ವಾಲ್ವ್ ಸೀಲಿನ ಕೆಲಸ, ಕಾರ್ಬುರೇಟರ್‌ಗೂ ಅದಕ್ಕೂ ಸಂಬಂಧ ಇಲ್ಲ.

ಲೀನ್ ಅಂತ ಗೊತ್ತಾದರೂ ಜೆಟ್ ಬದಲಾಯಿಸಲು ಅವಸರ ಬೇಡ. ಕಾರ್ಬುರೇಟರ್ ಮತ್ತು ಇಂಜಿನ್ ನಡುವೆ ಒಂದು ರಬ್ಬರ್ ಪೈಪ್ ಇರುತ್ತದೆ. ಸುಮ್ಮನೆ ನೋಡಿದರೆ ಚೆನ್ನಾಗೇ ಕಾಣುತ್ತದೆ. ಬೆರಳಿನಿಂದ ಒತ್ತಿ ಬಗ್ಗಿಸಿದರೆ ಕೂದಲೆಳೆಯಂಥ ಸೀಳು ಬಾಯಿ ಬಿಡುತ್ತದೆ. ಅಲ್ಲಿಂದ ಕದ್ದು ನುಗ್ಗುವ ಗಾಳಿ ಸಾಕು, ಐಡ್ಲಿಂಗ್, ಅಂದರೆ ಎಕ್ಸಲೇಟರ್ ಬಿಟ್ಟಾಗಿನ ಇಂಜಿನ್ ಓಟ, ಒಮ್ಮೆ ಏರುವುದು, ಒಮ್ಮೆ ಇಳಿಯುವುದು. ಗಾಡಿ ಸ್ಟಾರ್ಟ್ ಇಟ್ಟು ಆ ಜಾಗಕ್ಕೆ ಸ್ವಲ್ಪ ನೀರು ಚಿಮುಕಿಸಿ. ಇಂಜಿನ್ ಸದ್ದು ಬದಲಾದರೆ ಸೀಳು ಸಿಕ್ಕಿತು. ಪೆಟ್ರೋಲ್ ಮಾತ್ರ ಚಿಮುಕಿಸಬೇಡಿ, ಬೆಂಕಿ ಹತ್ತೀತು.

ಪೆಟ್ರೋಲ್ ಸರಿಯಾಗಿ ಇಳಿಯುತ್ತದೆಯೇ ಅಂತಲೂ ನೋಡಿ. ಹತ್ತು ನಿಮಿಷ ಓಡಿ ನಿಲ್ಲುವ ಗಾಡಿ ಟ್ಯಾಂಕಿನ ಮುಚ್ಚಳ ತೆಗೆದು ಹಾಕಿದ ಕೂಡಲೇ ಸ್ಟಾರ್ಟ್ ಆದರೆ, ಮುಚ್ಚಳದ ಗಾಳಿ ತೂತು ಕಟ್ಟಿದೆ. ಲೋಕಲ್ ಮುಚ್ಚಳ ಹಾಕಿಸಿದವರು ಇದನ್ನು ಮೊದಲು ನೋಡಬೇಕು. ಲೈಟು, ಹಾರ್ನು ಜಾಸ್ತಿ ಹಾಕಿಸಿ ವೈರ್ ಕತ್ತರಿಸಿ ಜೋಡಿಸಿದ್ದರೆ ಆ ಗಂಟುಗಳನ್ನೆಲ್ಲ ಬಿಚ್ಚಿ ನೋಡಿಸಿ. ಗುಂಡಿಗೆ ಬಿದ್ದಾಗ ಮಾತ್ರ ಇಂಜಿನ್ ಕಟ್ ಆಗುವುದು ಹೆಚ್ಚಾಗಿ ಇದರಿಂದಲೇ.

2020ರ ಏಪ್ರಿಲ್ ನಂತರದ ಬಿಎಸ್ 6 (ಹೊಸ ಹೊಗೆ ನಿಯಮದ) ಗಾಡಿಗಳಲ್ಲಿ ಸಾಮಾನ್ಯವಾಗಿ ಕಾರ್ಬುರೇಟರ್ ಇರುವುದಿಲ್ಲ, ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮುವ ಇಂಜೆಕ್ಷನ್ ಇರುತ್ತದೆ. ಮೀಟರಿನಲ್ಲಿ ಇಂಜಿನ್ ಲೈಟ್ ಉರಿಯುತ್ತಿದ್ದರೆ ದೋಷ ಓದುವ ಸ್ಕ್ಯಾನರ್ ಇರುವಲ್ಲಿಗೆ ಒಯ್ಯಿರಿ.

ಓಪನ್ ಫಿಲ್ಟರ್ ವಿಷಯದಲ್ಲಿ ನಾನು ಗಟ್ಟಿಯಾಗಿ ಹೇಳುತ್ತೇನೆ, ತೆಗೆಸಿಬಿಡಿ. ತೊಗರಿ ರಾಶಿ ನಡೆಯುವಾಗ ನಮ್ಮ ಹಳ್ಳಿ ದಾರಿಗಳ ಹೊಟ್ಟು, ಶಹಾಬಾದ್ ಕಡೆಯ ಕಲ್ಲುಪುಡಿ, ವಾಡಿ ಕಡೆಯ ಧೂಳು ನೋಡಿದ್ದೀರಲ್ವಾ? ಹಗುರ ಜಾಲರಿಯ ಫಿಲ್ಟರ್ ಅದನ್ನು ತಡೆಯಲಾರದು. ಆ ಧೂಳಿಗೆ ಸಿಲಿಂಡರ್ ಸವೆದರೆ ಅದನ್ನು ಕೊರೆದು ಸರಿ ಮಾಡುವ ಬೋರ್ ಕೆಲಸಕ್ಕೆ ಸಾವಿರಾರು ರೂಪಾಯಿ ಬೇಕು. ಕಂಪನಿ ಡಬ್ಬಿ ಗುಜರಿಯಲ್ಲೂ ಸಿಗುತ್ತದೆ. ಅದನ್ನು ಹಾಕಿಸಿ, ಹೊಸ ಫಿಲ್ಟರ್ ಕೂಡಿಸಿ, ಆಮೇಲೆ ಕಾರ್ಬುರೇಟರ್ ಟ್ಯೂನ್ ಮಾಡಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಎರಡು ದಿನ ಓಡಿಸಿ ನೋಡಿ.

ಇನ್ನು ಹಳೆ ಗಾಡಿ ಕೊಳ್ಳಲು ಹೊರಟವರು ಮಾರುವವರನ್ನು ಒಂದು ಮಾತು ಕೇಳಿ: "ಬಿಚ್ಚಿದ ಕಂಪನಿ ಸೈಲೆನ್ಸರ್, ಫಿಲ್ಟರ್ ಡಬ್ಬಿ ಎಲ್ಲವ್ರಿ?" ಮನೆಯಲ್ಲೇ ಇದ್ದರೆ ಅವನ್ನೂ ಸೇರಿಸಿ ರೇಟು ಮಾತಾಡಿ. ಇಲ್ಲ ಅಂದರೆ ಅವುಗಳ ಬೆಲೆ ಕಳೆದು ದುಡ್ಡು ಕೊಡಿ. ನಮಸ್ಕಾರ.