ಚಾಟ್‌ಬಾಟ್ ಪೇಷೆಂಟ್ ಆದರೆ: ಫಾರ್ಮಸಿ ವಿದ್ಯಾರ್ಥಿಗಳ ಮಾತಿನ ಅಭ್ಯಾಸ

[ತೆರೆಯ ಮೇಲೆ: ಮಾತ್ರೆಯ ಸ್ಟ್ರಿಪ್, ಪಕ್ಕದಲ್ಲಿ ಕ್ಯಾಲೆಂಡರ್]

ನಮಸ್ಕಾರ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ತಪ್ಪಿ ದಿನಾ ನುಂಗಿದರೆ ರಕ್ತಕಣಗಳು ಕುಸಿದು ಜೀವಕ್ಕೇ ಅಪಾಯ. ಚೀಟಿಯಲ್ಲಿ ಸರಿಯಾಗಿ ಬರೆದಿದ್ದರೆ ಸಾಲದು, ರೋಗಿಗೆ ಅರ್ಥ ಆಗಿರಬೇಕು. ಅದನ್ನು ಖಚಿತಪಡಿಸಿಕೊಳ್ಳುವ ಮಾತುಕತೆಯೇ ಪೇಷೆಂಟ್ ಕೌನ್ಸೆಲಿಂಗ್. ಭಾರತದ 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳೂ ಇದನ್ನು ಫಾರ್ಮಸಿಸ್ಟ್ ಕೆಲಸ ಅಂತಲೇ ಹೇಳುತ್ತವೆ.

ಇದನ್ನು ಕಲಿಯುವುದು ಎಲ್ಲಿ? ನಮ್ಮಲ್ಲಿ 2008ರಲ್ಲಿ ಬಂದ ಫಾರ್ಮ್ ಡಿ (ಡಾಕ್ಟರ್ ಆಫ್ ಫಾರ್ಮಸಿ) 6 ವರ್ಷದ ಕೋರ್ಸ್, ಕೊನೆಯ ವರ್ಷ ಇಂಟರ್ನ್‌ಶಿಪ್. ವಾರ್ಡಿಗೆ ಹೋಗುವ ಮೊದಲು ಕ್ಲಾಸಿನಲ್ಲಿ ಗೆಳೆಯನನ್ನೇ ರೋಗಿ ಮಾಡಿ ಅಭ್ಯಾಸ ಮಾಡುತ್ತಾರೆ. ಅವನಿಗೆ ಉತ್ತರ ಮೊದಲೇ ಗೊತ್ತಿರುತ್ತದೆ, ಅಲ್ವಾ? ತರಬೇತಿ ಪಡೆದವರಿಂದ ರೋಗಿಯ ಪಾತ್ರ ಮಾಡಿಸುವ ಪದ್ಧತಿಯೂ ಇದೆ. ಲಾಸ್ ಏಂಜಲೀಸ್‌ನಲ್ಲಿ ಹೋವರ್ಡ್ ಬ್ಯಾರೋಸ್ ಎಂಬ ವೈದ್ಯರು 1960ರ ದಶಕದಲ್ಲಿ ಶುರು ಮಾಡಿದ್ದು. ಒಳ್ಳೆಯ ದಾರಿ, ಆದರೆ ಜನ ಬೇಕು, ದುಡ್ಡು ಬೇಕು.

ಈಗ ರೋಗಿಯ ಪಾತ್ರ ಮಾಡಬಲ್ಲ ಚಾಟ್‌ಬಾಟ್ ಬಂದಿದೆ. ವಿದ್ಯಾರ್ಥಿಗಳು ಒಪ್ಪುತ್ತಾರಾ?

ಹೊಸ ತಂತ್ರಜ್ಞಾನವನ್ನು ಜನ ಯಾಕೆ ಒಪ್ಪುತ್ತಾರೆ ಅನ್ನುವುದಕ್ಕೆ ಅಮೆರಿಕದ ಸಂಶೋಧಕ ಫ್ರೆಡ್ ಡೇವಿಸ್ 1989ರಲ್ಲಿ ಒಂದು ಮಾದರಿ ಕೊಟ್ಟರು. ಅದರ ಜೀವಾಳ ಎರಡು ಪ್ರಶ್ನೆ. ಬಳಸುವುದು ಸುಲಭವಾ? ನನ್ನ ಕೆಲಸಕ್ಕೆ ಉಪಯೋಗ ಇದೆಯಾ?

ಸುಲಭ, ಅನುಮಾನವೇ ಇಲ್ಲ. ಫೋನ್ ಕೈಯಲ್ಲೇ ಇದೆ, ರಾತ್ರಿ ಹಾಸ್ಟೆಲಿನಲ್ಲೂ ಕನ್ನಡದಲ್ಲೇ ಮಾತಾಡಬಹುದು. ನನ್ನ ಪ್ರಕಾರ ಇದರ ದೊಡ್ಡ ಲಾಭ ಸಂಕೋಚ ಬಿಡಿಸುವುದು. "ಕುಡಿಯುವ ಅಭ್ಯಾಸ ಇದೆಯಾ?" ಅಂತ ತಂದೆಯ ವಯಸ್ಸಿನವರನ್ನು ಕೇಳುವುದು ಇಪ್ಪತ್ತರ ಹುಡುಗಿಗೆ ಸುಲಭವಲ್ಲ. ಇಲ್ಲಿ ತಡವರಿಸಿದರೂ ಯಾರೂ ನಗುವುದಿಲ್ಲ, ಮತ್ತೆ ಮತ್ತೆ ಕೇಳಿ ನೋಡಬಹುದು.

ಉಪಯೋಗದ ವಿಷಯಕ್ಕೆ ಬಂದರೆ ಸ್ವಲ್ಪ ಎಚ್ಚರ ಬೇಕು. ಸುಮ್ನೆ "ರೋಗಿಯಾಗು" ಅಂದರೆ ಚಾಟ್‌ಬಾಟ್ ತುಂಬಾ ಒಳ್ಳೆಯ ರೋಗಿಯಾಗುತ್ತದೆ. ಕೇಳಿದ್ದಕ್ಕೆಲ್ಲ ಪೂರ್ತಿ ಉತ್ತರ, ಕೊನೆಗೆ ಥ್ಯಾಂಕ್ಸ್ ಬೇರೆ. ಕೌಂಟರಿಗೆ ಬರುವವರು ಹಾಗಿರುವುದಿಲ್ಲ. "ಡಾಕ್ಟ್ರು ಹೇಳಿದಾರೆ, ಬೇಗ ಕೊಡಿ, ಬಸ್ ಹೋಗತ್ತೆ" ಅನ್ನುತ್ತಾರೆ.

ಹಾಗಾಗಿ ಚಾಟ್‌ಬಾಟ್‌ಗೆ ಕೊಡುವ ಸೂಚನೆಯನ್ನು, ಅಂದರೆ ಪ್ರಾಂಪ್ಟನ್ನು, ಹೀಗೆ ಬರೆಯಿರಿ.

[ತೆರೆಯ ಮೇಲೆ ಪ್ರಾಂಪ್ಟ್]

"ನೀನು 58 ವರ್ಷದ ರೈತ ಮಹಿಳೆ. ವಾರಕ್ಕೊಂದು ಮಾತ್ರೆಯನ್ನು ದಿನಾ ತಗೋಬೇಕು ಅಂದುಕೊಂಡಿದ್ದೀಯ. ನಾನು ಕೇಳದೆ ಅದನ್ನು ಹೇಳಬೇಡ. 'ಗೊತ್ತಾಯ್ತಾ' ಅಂದರೆ 'ಹೂಂ' ಅನ್ನು."

ಈಗ ನೋಡಿ, "ಗೊತ್ತಾಯ್ತಾ ಅಮ್ಮಾ?" ಅಂತ ಕೇಳಿ ಮುಗಿಸುವ ವಿದ್ಯಾರ್ಥಿ ಸಿಕ್ಕಿಬೀಳುತ್ತಾನೆ. "ಅಮ್ಮಾ, ಮನೆಗೆ ಹೋದ ಮೇಲೆ ಇದನ್ನ ಯಾವ ಯಾವ ದಿನ ತಗೋತೀರಿ, ಒಂದ್ಸಲ ನೀವೇ ಹೇಳಿ" ಅಂದರೆ ಮಾತ್ರ ತಪ್ಪು ಹೊರಗೆ ಬರುತ್ತದೆ. ಕೌನ್ಸೆಲಿಂಗಿನಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವ ಪ್ರಶ್ನೆ ಇದೇ.

ಇನ್‌ಹೇಲರ್ ಕಲಿಸುವುದನ್ನು ಮಾತ್ರ ಟೈಪ್ ಮಾಡಿ ಕಲಿಯಲು ಆಗದು. ಕೈ, ತುಟಿ, ಉಸಿರು ಮೂರನ್ನೂ ಕಣ್ಣಾರೆ ನೋಡಬೇಕು, ಅದಕ್ಕೆ ಮನುಷ್ಯರೇ ಬೇಕು. ಇನ್ನೊಂದು, ಚಾಟ್‌ಬಾಟ್ ತಪ್ಪು ಡೋಸನ್ನೂ ಧೈರ್ಯವಾಗಿ ಹೇಳಬಲ್ಲದು. ಔಷಧದ ವಿಷಯ ಏನೇ ಇದ್ದರೂ ಪುಸ್ತಕದಲ್ಲಿ ನೋಡಿ, ಮೇಷ್ಟ್ರನ್ನು ಕೇಳಿ. ವಾರ್ಡಿನಲ್ಲಿ ಕಂಡ ರೋಗಿಯ ಹೆಸರು, ರಿಪೋರ್ಟ್ ಯಾವುದನ್ನೂ ಅದಕ್ಕೆ ಕೊಡಬೇಡಿ.

ಮೇಷ್ಟ್ರುಗಳಲ್ಲಿ ಒಂದು ವಿನಂತಿ: ವಿದ್ಯಾರ್ಥಿಗಳ ಚಾಟನ್ನು ಕ್ಲಾಸಿನಲ್ಲಿ ಓದಿಸಿ, ಎಲ್ಲಿ ಇನ್ನೊಂದು ಪ್ರಶ್ನೆ ಕೇಳಬೇಕಿತ್ತು ಅಂತ ಅವರಿಂದಲೇ ಹೇಳಿಸಿ.